ಸಹಿ ಹಾಕುವ ಮುನ್ನ: ಸಾರ್ವಜನಿಕ ಹಣದಲ್ಲಿ ತಂತ್ರಾಂಶ ಕೊಳ್ಳುವವರಿಗೊಂದು ಬಹಿರಂಗ ಪತ್ರ

ಮಾನ್ಯರೆ,

ಸಾರ್ವಜನಿಕ ಸಂಸ್ಥೆಯೊಂದಕ್ಕೆ ತಂತ್ರಾಂಶ ಕೊಳ್ಳುವ ಕಡತ ನಿಮ್ಮ ಮೇಜಿಗೆ ಬಂದಾಗಲೆಲ್ಲ ಅದರ ಹಿಂದೆಯೇ ಎರಡು ಬಣಗಳ ವಾದವೂ ಬರುತ್ತದೆ. ಓಪನ್ ಸೋರ್ಸ್ ತೆಗೆದುಕೊಳ್ಳಿ, ಲೈಸೆನ್ಸ್ ದುಡ್ಡು ಉಳಿಯುತ್ತದೆ ಎಂದು ಒಂದು ಬಣ. ಪ್ರೊಪ್ರೈಟರಿ ತೆಗೆದುಕೊಳ್ಳಿ, ಕೆಟ್ಟರೆ ಕೇಳಲು ಒಂದು ಕಂಪನಿ ಇರುತ್ತದೆ ಎಂದು ಇನ್ನೊಂದು ಬಣ. ಓಪನ್ ಸೋರ್ಸ್ ಎಂದರೆ ಪ್ರೋಗ್ರಾಮರುಗಳು ಬರೆದ ಮೂಲ ಸಾಲುಗಳನ್ನು, ಅಂದರೆ ಸೋರ್ಸ್ ಕೋಡನ್ನು, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶ. ಪ್ರೊಪ್ರೈಟರಿ ಎಂದರೆ ಆ ಕೋಡನ್ನು ಕಂಪನಿ ತನ್ನಲ್ಲೇ ಮುಚ್ಚಿಟ್ಟುಕೊಳ್ಳುವ ತಂತ್ರಾಂಶ. ಎರಡೂ ಬಗೆಯ ತಂತ್ರಾಂಶ ಬರೆದು ಸಂಬಳ ಪಡೆದಿರುವ ನನಗೆ ಈ ಎರಡು ವಾದಗಳೂ ಮುಖ್ಯ ವಿಷಯವನ್ನು ಬಿಟ್ಟು ಅದರ ಸುತ್ತ ತಿರುಗುತ್ತಿವೆ ಎನಿಸುತ್ತದೆ. ದರಪಟ್ಟಿ ತೆರೆಯುವ ಮೊದಲು ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಈ ತಂತ್ರಾಂಶ ತಪ್ಪು ಮಾಡಿದ ದಿನ, ಅದರಿಂದ ನೊಂದವರ ಪರವಾಗಿ ಅದನ್ನು ಬಿಚ್ಚಿ ನೋಡುವ ಹಕ್ಕು ಯಾರಿಗಿರುತ್ತದೆ?

ಹೀಗೆ ಕೇಳುವುದಕ್ಕೆ ನನ್ನಲ್ಲಿರುವ ದೊಡ್ಡ ಕಾರಣ ಬ್ರಿಟನ್ನಿನ ಹೊರೈಜನ್ ಪ್ರಕರಣ. ಅಲ್ಲಿನ ಪೋಸ್ಟ್ ಆಫೀಸ್ ಸಂಸ್ಥೆ 1999ರಿಂದ ತನ್ನ ಶಾಖೆಗಳ ಲೆಕ್ಕವನ್ನು ಹೊರೈಜನ್ ಎಂಬ ವ್ಯವಸ್ಥೆಗೆ ಒಪ್ಪಿಸತೊಡಗಿತು. ಅದನ್ನು ನಡೆಸುತ್ತಿದ್ದ ಕಂಪನಿ ಫುಜಿತ್ಸು. ಶಾಖೆಗಳನ್ನು ನೋಡಿಕೊಳ್ಳುವ ಸಬ್‌ಪೋಸ್ಟ್‌ಮಾಸ್ಟರುಗಳ ಲೆಕ್ಕದಲ್ಲಿ ಕಾರಣವಿಲ್ಲದೆ ಕೊರತೆ ಕಾಣಿಸಿಕೊಳ್ಳತೊಡಗಿತು. ಕೊರತೆಯನ್ನು ಕೈಯಿಂದ ತುಂಬಿ ಎಂದು ಸಂಸ್ಥೆ ಕೇಳುತ್ತಿತ್ತು. ಕೆಲವರು ಉಳಿತಾಯ ಕರಗಿಸಿ, ಮನೆ ಅಡವಿಟ್ಟು ತುಂಬಿದರು. ತುಂಬಲಾಗದ ಅನೇಕರ ಮೇಲೆ ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಮೊಕದ್ದಮೆಗಳಾದವು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಜೈಲಿಗೆ ಹೋದವರಿದ್ದಾರೆ. ಈ ಸಂಕಟದಿಂದಾಗಿ ಕನಿಷ್ಠ 13 ಮಂದಿ ಆತ್ಮಹತ್ಯೆ ಮಾಡಿಕೊಂಡಿರಬಹುದು ಎಂದು ಸಾರ್ವಜನಿಕ ವಿಚಾರಣೆಯ ವರದಿ 2025ರಲ್ಲಿ ಹೇಳಿತು.

ಆ ಮೊಕದ್ದಮೆಗಳಲ್ಲಿ ಸಾಕ್ಷಿ ಹೇಳಿದ್ದು ಮುಖ್ಯವಾಗಿ ಒಂದು ಪ್ರೋಗ್ರಾಮ್. ಅದಕ್ಕೆ ಪಾಟೀಸವಾಲು ಹಾಕಲು ಆರೋಪಿಯ ಬಳಿ ಏನೂ ಇರಲಿಲ್ಲ. ಕಂಪ್ಯೂಟರ್ ದಾಖಲೆಯನ್ನು ನ್ಯಾಯಾಲಯಕ್ಕೆ ತರುವವರು ಆ ಯಂತ್ರ ಸರಿಯಾಗಿ ನಡೆಯುತ್ತಿತ್ತೆಂದು ತೋರಿಸಬೇಕು ಎಂಬ ನಿಯಮ ಇಂಗ್ಲೆಂಡಿನಲ್ಲಿ ಮೊದಲು ಇತ್ತು. 1999ರ ಕಾಯ್ದೆಯೊಂದು ಆ ನಿಯಮವನ್ನು ತೆಗೆದುಹಾಕಿತು. ಅಲ್ಲಿಂದ ಮುಂದೆ ಯಂತ್ರ ಸರಿಯಿದೆ ಎಂದೇ ನ್ಯಾಯಾಲಯ ಭಾವಿಸುತ್ತಿತ್ತು. ಸರಿಯಿಲ್ಲ ಎನ್ನುವವರು ಆಧಾರ ಕೊಡಬೇಕಿತ್ತು. ಆದರೆ ಆ ಆಧಾರ ಇದ್ದದ್ದೆಲ್ಲಿ? ಗೊತ್ತಿರುವ ದೋಷಗಳ ಪಟ್ಟಿಯೊಂದನ್ನು ಫುಜಿತ್ಸು ಒಳಗೊಳಗೇ ಇಟ್ಟುಕೊಂಡಿತ್ತು. ಶಾಖೆಯ ಲೆಕ್ಕವನ್ನು ಶಾಖೆಯವರಿಗೆ ತಿಳಿಯದಂತೆ ದೂರದಿಂದಲೇ ಮುಟ್ಟಲು ಅದರ ಸಿಬ್ಬಂದಿಗೆ ಸಾಧ್ಯವಿತ್ತು. ಹಾಗೆ ಸಾಧ್ಯವೇ ಇಲ್ಲ ಎಂದು ಪೋಸ್ಟ್ ಆಫೀಸ್ ವರ್ಷಗಟ್ಟಲೆ ಹೇಳುತ್ತ ಬಂತು. ಮಾಜಿ ಸಬ್‌ಪೋಸ್ಟ್‌ಮಾಸ್ಟರ್ ಅಲನ್ ಬೇಟ್ಸ್ ಮುಂದಾಳಾಗಿ 555 ಮಂದಿ ಹೂಡಿದ ದಾವೆಯಲ್ಲಿ, 2019ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಪೀಟರ್ ಫ್ರೇಸರ್ ಕೊಟ್ಟ ತೀರ್ಪಿನಿಂದ ನಿಜ ಹೊರಬಂತು: ತಂತ್ರಾಂಶದಲ್ಲಿ ದೋಷಗಳಿದ್ದವು, ಇಲ್ಲದ ಕೊರತೆಯನ್ನು ಅವು ಸೃಷ್ಟಿಸಬಲ್ಲವಾಗಿದ್ದವು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಲು ಸಂಸತ್ತು ಕಾಯ್ದೆಯನ್ನೇ ತರಬೇಕಾಯಿತು. ಅಷ್ಟರಲ್ಲಿ 2024 ಬಂದಿತ್ತು.

ಮುಚ್ಚಿದ ಕೋಡ್ ಒಂದೇ ಈ ಅನ್ಯಾಯಕ್ಕೆ ಕಾರಣವೆಂದು ನಾನು ಹೇಳಲಾರೆ. ಗೊತ್ತಿದ್ದೂ ಸುಮ್ಮನಿದ್ದ ಮನುಷ್ಯರು ಅಲ್ಲಿದ್ದರು, ಪ್ರಶ್ನೆ ಕೇಳದ ವಕೀಲರಿದ್ದರು. ಆದರೆ ಆ ಮೌನಕ್ಕೆ ಬಾಗಿಲು ಹಾಕಿಕೊಂಡಿರಲು ಅನುಕೂಲ ಮಾಡಿಕೊಟ್ಟದ್ದು ಒಪ್ಪಂದ. ಕೋಡ್ ಮತ್ತು ದೋಷಗಳ ದಾಖಲೆ ಎರಡನ್ನೂ ನೊಂದವರ ಪರ ತಜ್ಞರಿಗೆ ತೋರಿಸಲೇಬೇಕು ಎಂಬ ಒಂದು ಷರತ್ತು ಮೊದಲೇ ಇದ್ದಿದ್ದರೆ, 20 ವರ್ಷ ಎಳೆದ ಕಥೆ ಮೊದಲ ಕೆಲವು ಮೊಕದ್ದಮೆಗಳಲ್ಲೇ ಬಯಲಾಗುವ ಸಾಧ್ಯತೆಯಿತ್ತು. ಅಂಥ ಷರತ್ತು ಬರೆಸಿಕೊಳ್ಳಬಹುದಾದ ಕುರ್ಚಿಯಲ್ಲಿ ಈಗ ನೀವಿದ್ದೀರಿ. ಅದಕ್ಕೇ ಈ ಪತ್ರ.

ತಂತ್ರಾಂಶ ಕೊಳ್ಳುವವರು ಒಬ್ಬರು, ಅದರ ಕೈಕೆಳಗೆ ಬದುಕುವವರು ಇನ್ನೊಬ್ಬರು ಆಗಿರುವ ಎಡೆಗಳಲ್ಲೆಲ್ಲ ಈ ಪ್ರಶ್ನೆ ಏಳುತ್ತದೆ. ಪಿಂಚಣಿಗೆ ಅರ್ಹರೋ ಇಲ್ಲವೋ ಎಂದು ನಿರ್ಧರಿಸುವ ಪ್ರೋಗ್ರಾಮ್, ಪರೀಕ್ಷೆಯ ಅಂಕ ಹೊಂದಿಸುವ ಪ್ರೋಗ್ರಾಮ್, ಮತ ಎಣಿಸುವ ಪ್ರೋಗ್ರಾಮ್, ಯಾರ ಮೇಲೆ ನಿಗಾ ಇಡಬೇಕೆಂದು ಪೊಲೀಸರಿಗೆ ಸೂಚಿಸುವ ಪ್ರೋಗ್ರಾಮ್: ಇವುಗಳನ್ನು ಜನ ತಾವಾಗಿ ಆರಿಸಿಕೊಂಡಿರುವುದಿಲ್ಲ, ಬೇಡವೆಂದರೆ ಬಿಟ್ಟು ಹೋಗುವಂತೆಯೂ ಇಲ್ಲ.

ಕೆಲವೊಮ್ಮೆ ಪ್ರೋಗ್ರಾಮ್ ಮೈಯೊಳಗೇ ಇರುತ್ತದೆ. ಸೆಕೆಂಡ್ ಸೈಟ್ ಎಂಬ ಅಮೆರಿಕದ ಕಂಪನಿ ದೃಷ್ಟಿ ಕಳೆದುಕೊಂಡವರ ಕಣ್ಣಿನೊಳಗೆ ಅಳವಡಿಸುವ ಆರ್ಗಸ್ ಎಂಬ ಸಾಧನ ತಯಾರಿಸುತ್ತಿತ್ತು. ಜಗತ್ತಿನಾದ್ಯಂತ 350ಕ್ಕೂ ಹೆಚ್ಚು ಮಂದಿಗೆ ಅದನ್ನು ಅಳವಡಿಸಲಾಯಿತು. ಪೂರ್ತಿ ನೋಟ ಮರಳದಿದ್ದರೂ ಬೆಳಕು, ಅಂಚು, ಬಾಗಿಲ ಚೌಕಟ್ಟು ಗುರುತಿಸುವಷ್ಟು ಸಿಕ್ಕಿತೆಂದು ಹಲವರು ಹೇಳಿದ್ದರು. ಕಂಪನಿಗೆ ಲಾಭ ಬರಲಿಲ್ಲ. 2019ರಲ್ಲಿ ಅದು ಆ ಸಾಧನದ ಕೆಲಸ ನಿಲ್ಲಿಸಿತು. 2020ರಲ್ಲಿ ಬಹುಪಾಲು ನೌಕರರನ್ನು ಮನೆಗೆ ಕಳಿಸಿತು. ಯಂತ್ರ ಮಾತ್ರ ಜನರ ಕಣ್ಣಲ್ಲೇ ಉಳಿಯಿತು. ಕೆಟ್ಟರೆ ರಿಪೇರಿ ಮಾಡುವವರಿಲ್ಲ, ಒಳಗಿನ ತಂತ್ರಾಂಶವನ್ನು ಬೇರೆಯವರು ಮುಂದುವರಿಸಿಕೊಂಡು ಹೋಗಲು ದಾರಿಯಿಲ್ಲ. ಕಂಪನಿಯ ಮೇಲೆ ಕೋಪ ಮಾಡಿಕೊಂಡು ಪ್ರಯೋಜನವಿಲ್ಲ. ಕಂಪನಿಗಳು ಮುಚ್ಚುವುದು ಸಹಜ. ಮುಚ್ಚಿದಾಗ ಏನಾಗಬೇಕು ಎಂದು ಮೊದಲೇ ಬರೆಸಿಕೊಳ್ಳಬೇಕಾದವರು ಅನುಮತಿ ಕೊಡುವವರು, ಹಣ ಕೊಡುವವರು.

‘ಕೇಳಲು ಒಂದು ಕಂಪನಿ ಇರುತ್ತದೆ’ ಎಂಬ ಮಾತನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ಯಾವುದಾದರೂ ಸಿದ್ಧ ತಂತ್ರಾಂಶದ ಲೈಸೆನ್ಸ್ ಒಪ್ಪಂದದಲ್ಲಿ ಹೊಣೆಗಾರಿಕೆಯ ಕಲಮನ್ನು ತೆರೆದು ಓದಿ. ತಂತ್ರಾಂಶ ‘ಇದ್ದ ಹಾಗೆಯೇ’ ಕೊಡಲಾಗಿದೆ, ನಷ್ಟಕ್ಕೆ ಹೊಣೆಯಿದ್ದರೆ ಅದು ಹೆಚ್ಚೆಂದರೆ ನೀವು ಕಟ್ಟಿದ ಶುಲ್ಕದಷ್ಟು ಎಂಬರ್ಥದ ಸಾಲುಗಳು ಸಾಮಾನ್ಯವಾಗಿ ಅಲ್ಲಿರುತ್ತವೆ. ಓಪನ್ ಸೋರ್ಸ್ ಲೈಸೆನ್ಸ್‌ಗಳೂ ಹೊಣೆ ಹೊರುವುದಿಲ್ಲ, ನಿಜ. ಹೊಣೆ ಹೊರದಿರುವುದರಲ್ಲಿ ಇಬ್ಬರೂ ಸಮ. ಕೆಟ್ಟದ್ದನ್ನು ಬೇರೆಯವರಿಂದ ಸರಿಮಾಡಿಸಿಕೊಳ್ಳುವ ಹಕ್ಕನ್ನು ಒಂದು ಕೊಡುತ್ತದೆ, ಇನ್ನೊಂದು ಕೊಡುವುದಿಲ್ಲ.

ಕೋಡ್ ಎಲ್ಲರಿಗೂ ಕಾಣಿಸಿದರೆ ಕಳ್ಳರಿಗೂ ಕಾಣಿಸುತ್ತದಲ್ಲ ಎಂದು ನಿಮ್ಮ ಭದ್ರತಾ ಸಲಹೆಗಾರರು ಹೇಳಬಹುದು. ಈ ಆತಂಕಕ್ಕೆ ಗೂಢಲಿಪಿ ಶಾಸ್ತ್ರ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದೆ. ವ್ಯವಸ್ಥೆಯ ರಚನೆ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟಾಗಿರಬೇಕಾದ್ದು ಕೀಲಿ ಮಾತ್ರ ಎಂದು ಭಾಷಾಶಾಸ್ತ್ರಜ್ಞ ಆಗಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲೇ ಪ್ರತಿಪಾದಿಸಿದರು. ಅಮೆರಿಕ ಸರ್ಕಾರ ತನ್ನ ದಾಖಲೆಗಳಿಗೆ ಹೊಸ ಗೂಢಲಿಪಿ ಬೇಕೆಂದಾಗ 1997ರಲ್ಲಿ ಇಡೀ ಜಗತ್ತಿಗೆ ತೆರೆದ ಸ್ಪರ್ಧೆ ಏರ್ಪಡಿಸಿತು. ಬಂದ ವಿನ್ಯಾಸಗಳನ್ನು ಪ್ರಕಟಿಸಿ, ಯಾರು ಬೇಕಾದರೂ ಮುರಿಯಲು ನೋಡಿ ಎಂದು ಬಿಟ್ಟಿತು. ಆಯ್ಕೆಯಾದದ್ದು ಬೆಲ್ಜಿಯಂನ ಯೋವಾನ್ ಡಾಮನ್ ಮತ್ತು ವಿನ್ಸೆಂಟ್ ರೈಮೆನ್ ಅವರ ವಿನ್ಯಾಸ. 2001ರಲ್ಲಿ ಎಇಎಸ್ ಎಂಬ ಹೆಸರಿನಲ್ಲಿ ಮಾನಕವಾದ ಅದು ಇಂದು ಬ್ಯಾಂಕಿನಿಂದ ಫೋನಿನವರೆಗೆ ಎಲ್ಲೆಡೆ ಇದೆ. ಮುಚ್ಚಿಟ್ಟದ್ದರ ಕಥೆಯೂ ನಮ್ಮ ಮುಂದಿದೆ. ವಿಂಡೋಸ್‌ನಲ್ಲಿದ್ದ ಒಂದು ಬಿರುಕನ್ನು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಪತ್ತೆ ಮಾಡಿ ತನ್ನ ಬಳಕೆಗೆ ಇಟ್ಟುಕೊಂಡಿತ್ತು. ಅದು ಸೋರಿಕೆಯಾಗಿ 2017ರ ಮೇ ತಿಂಗಳಲ್ಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ದಾಳಿಯಾಯಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳೇ ನಿಂತುಹೋದವು. ಸೋರ್ಸ್ ಕೋಡ್ ಕಾಣದಿದ್ದರೂ ಹುಡುಕುವವರಿಗೆ ಬಿರುಕು ಸಿಗುತ್ತದೆ.

ಇಷ್ಟು ಹೇಳಿದ ಮೇಲೆ ಓಪನ್ ಸೋರ್ಸ್ ಬಣದವರು ಸಾಮಾನ್ಯವಾಗಿ ತಗ್ಗಿಸಿ ಹೇಳುವ ಇನ್ನೊಂದು ಮುಖವನ್ನು ನಾನು ನಿಮ್ಮೆದುರು ಇಡಲೇಬೇಕು. ನನ್ನ ಮಟ್ಟಿಗೆ ಇದು ಈ ಪತ್ರದ ಅರ್ಧ ಭಾರ.

ಬಿಚ್ಚಿ ನೋಡುವ ಹಕ್ಕು ಇದ್ದ ಮಾತ್ರಕ್ಕೆ ಯಾರೋ ನೋಡುತ್ತಾರೆಂದು ಅರ್ಥವಲ್ಲ. ಓಪನ್‌ಎಸ್‌ಎಸ್‌ಎಲ್ ಎಂಬ ಓಪನ್ ಸೋರ್ಸ್ ತಂತ್ರಾಂಶ ವೆಬ್‌ನ ಬಹುದೊಡ್ಡ ಪಾಲಿನ ಗೋಪ್ಯ ಸಂವಹನವನ್ನು ಕಾಯುತ್ತದೆ. 2012ರಲ್ಲಿ ಅದರ ಹೊಸ ಆವೃತ್ತಿಯೊಂದಿಗೆ ಒಂದು ದೋಷವೂ ಹೊರಬಂತು. ಸರ್ವರ್‌ನ ನೆನಪಿನಲ್ಲಿದ್ದ ಪಾಸ್‌ವರ್ಡ್, ಕೀಲಿಗಳನ್ನು ಹೊರಗಿನವರು ಕದ್ದು ಓದಲು ಅದು ಎಡೆಮಾಡಿಕೊಡುತ್ತಿತ್ತು. ಕೋಡ್ ಎಲ್ಲರ ಕಣ್ಣೆದುರೇ ಇತ್ತು. ಆದರೂ ಸುದ್ದಿ ಹೊರಬೀಳಲು 2014ರ ಏಪ್ರಿಲ್ ಆಗಬೇಕಾಯಿತು. ಹಾರ್ಟ್‌ಬ್ಲೀಡ್ ಎಂದು ಹೆಸರಾದ ಆ ದೋಷ ಸಿಕ್ಕ ಮೇಲೆ ಜಗತ್ತು ಮತ್ತೊಂದು ಸಂಗತಿ ತಿಳಿಯಿತು: ಆ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಅದರ ಮೇಲೆ ಕೋಟಿಗಟ್ಟಲೆ ವ್ಯವಹಾರ ನಡೆಸುತ್ತಿದ್ದ ಸಂಸ್ಥೆಗಳು, ಸರ್ಕಾರಗಳು ಎಷ್ಟೋ ಇದ್ದವು.

ಎಕ್ಸ್‌ಝಡ್ ಪ್ರಕರಣ ಇದಕ್ಕಿಂತಲೂ ಮನಸ್ಸು ಕಲಕುವಂಥದು. ಕಡತಗಳನ್ನು ಕುಗ್ಗಿಸುವ ಒಂದು ಸಣ್ಣ ಸಾಧನ ಅದು. ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ, ಆದರೆ ಓಪನ್ ಸೋರ್ಸ್ ಆದ ಲಿನಕ್ಸ್‌ನ ಬಹುತೇಕ ಎಲ್ಲ ವ್ಯವಸ್ಥೆಗಳಲ್ಲೂ ಇರುತ್ತದೆ. ವರ್ಷಗಳ ಕಾಲ ಅದನ್ನು ನೋಡಿಕೊಂಡು ಬಂದವರು ಒಬ್ಬರೇ, ಅದೂ ಸಂಬಳವಿಲ್ಲದೆ. ಬಿಡುವಿಲ್ಲ, ಮನಸ್ಸಿನ ಆರೋಗ್ಯವೂ ಸರಿಯಿಲ್ಲ ಎಂದು ಅವರೇ ಬರೆದುಕೊಂಡಿದ್ದರು. ಕೆಲಸ ನಿಧಾನವಾಯಿತು, ಬೇರೆಯವರಿಗೆ ಬಿಟ್ಟುಕೊಡಿ ಎಂದು ಅಪರಿಚಿತ ಹೆಸರುಗಳಿಂದ ಒತ್ತಡದ ಸಂದೇಶಗಳು ಬಂದವು. ಆ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನವರೊಬ್ಬರು ವಿನಯದಿಂದ ಸಹಾಯ ಮಾಡುತ್ತ, ಎರಡು ವರ್ಷಕ್ಕೂ ಮೀರಿ ನಂಬಿಕೆ ಗಳಿಸಿಕೊಂಡು, ಕೊನೆಗೆ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರವನ್ನೇ ಪಡೆದರು. 2024ರ ಆರಂಭದಲ್ಲಿ ಬಂದ ಎರಡು ಆವೃತ್ತಿಗಳಲ್ಲಿ ಸರ್ವರ್‌ಗಳಿಗೆ ನುಗ್ಗಲು ಕಳ್ಳದಾರಿ ಹುದುಗಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೇರಾವುದೋ ಪರೀಕ್ಷೆ ಮಾಡುತ್ತಿದ್ದಾಗ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದು ಅವರ ಗಮನಕ್ಕೆ ಬಂತು. ಅಷ್ಟಕ್ಕೇ ಬಿಡದೆ ಅವರು ಕೋಡ್ ಅಗೆದು ನೋಡಿದ್ದರಿಂದ ಮಾರ್ಚ್ ಕೊನೆಯಲ್ಲಿ ವಿಷಯ ಬಯಲಾಯಿತು. ಆ ಆವೃತ್ತಿ ಜಗತ್ತಿನ ಸರ್ವರ್‌ಗಳಿಗೆಲ್ಲ ಹರಡುವುದು ತಪ್ಪಿತು.

ಕೋಡ್ ತೆರೆದಿದ್ದರಿಂದ ಹೊರಗಿನವರೊಬ್ಬರು ಅಗೆಯಲು ಸಾಧ್ಯವಾಯಿತು ಎಂದು ಸಂತೋಷಪಡಬಹುದು, ನಾನೂ ಪಡುತ್ತೇನೆ. ಆದರೆ ದಣಿದ ಒಬ್ಬ ಮನುಷ್ಯನ ಬೆನ್ನಿನ ಮೇಲೆ ಅಷ್ಟು ದೊಡ್ಡ ಭಾರ ಹೇರಿ, ಅವರಿಗೆ ಊಟಕ್ಕೂ ಏನೂ ಕೊಡದೆ ನಾವೆಲ್ಲ ಕೂತಿದ್ದೆವು ಎಂಬುದೂ ಅಷ್ಟೇ ನಿಜ. 1976ರ ಫೆಬ್ರವರಿಯಲ್ಲಿ ಯುವಕ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ತಾವು ಬರೆದ ಬೇಸಿಕ್ ಪ್ರೋಗ್ರಾಮನ್ನು ಜನ ದುಡ್ಡು ಕೊಡದೆ ನಕಲು ಮಾಡಿಕೊಳ್ಳುತ್ತಿದ್ದಾರೆಂದು ದೂರಿ, ಪುಕ್ಕಟೆಯಾಗಿ ವೃತ್ತಿಪರ ಕೆಲಸ ಮಾಡಲು ಯಾರಿಗೆ ಸಾಧ್ಯ ಎಂದು ಕೇಳಿದರು. ಅವರು ಕಂಡುಕೊಂಡ ಪರಿಹಾರವನ್ನು, ಅಂದರೆ ಬಾಗಿಲು ಮುಚ್ಚಿ ಪ್ರತಿಗೆ ಇಷ್ಟು ಎಂದು ಮಾರುವುದನ್ನು, ಸಾರ್ವಜನಿಕ ಕೆಲಸಕ್ಕೆ ನಾನು ಒಪ್ಪುವುದಿಲ್ಲ. ಆದರೆ ಅವರ ಪ್ರಶ್ನೆ ನ್ಯಾಯವಾದದ್ದು. 1983ರಲ್ಲಿ ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್, ಎಲ್ಲರೂ ತಿದ್ದಿ ಹಂಚಬಹುದಾದ ಕಂಪ್ಯೂಟರ್ ವ್ಯವಸ್ಥೆ ಕಟ್ಟುವ ಗ್ನೂ ಯೋಜನೆ ಘೋಷಿಸಿ ಮುಕ್ತ ತಂತ್ರಾಂಶ ಚಳವಳಿಗೆ ನಾಂದಿ ಹಾಡಿದ ಮೇಲೆ, 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಹಂಚಿದ ಮೇಲೆ, ಬಳಕೆದಾರರ ಹಕ್ಕುಗಳ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿತು. ಬರೆಯುವವರ, ಅದಕ್ಕಿಂತ ಹೆಚ್ಚಾಗಿ ದುರಸ್ತಿ ಮಾಡುತ್ತ ಕೂರುವವರ ಜೀವನದ ಪ್ರಶ್ನೆಗೆ ಇನ್ನೂ ಅರೆಬರೆ ಉತ್ತರವೇ ಇರುವುದು.

ದುಡ್ಡು ಉಳಿಸಲೆಂದು ಓಪನ್ ಸೋರ್ಸ್ ಆರಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ. ಲೈಸೆನ್ಸ್‌ಗೆ ಹೋಗುತ್ತಿದ್ದ ಹಣವನ್ನು ಪೂರ್ತಿ ಉಳಿತಾಯವೆಂದು ಬಜೆಟ್‌ನಲ್ಲಿ ತೋರಿಸಿದರೆ ಎಕ್ಸ್‌ಝಡ್‌ನಂಥ ಮತ್ತೊಂದು ಪ್ರಕರಣಕ್ಕೆ ನೀವೂ ಪಾಲುದಾರರು. ಆ ಹಣದ ಒಂದು ಪಾಲು ದುರಸ್ತಿಗೆ ಹೋಗಬೇಕು: ನಿಮ್ಮಲ್ಲೇ ಸಂಬಳಕ್ಕಿರುವ ಎಂಜಿನಿಯರುಗಳಿಗೆ, ನೀವು ಬಳಸುವ ತಂತ್ರಾಂಶವನ್ನು ನೋಡಿಕೊಳ್ಳುವ ಹೊರಗಿನವರಿಗೆ. ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಎಂಬ ನಿಧಿ ಸ್ಥಾಪಿಸಿ, ಎಲ್ಲರೂ ಬಳಸುವ ಆದರೆ ಯಾರೂ ಕಣ್ಣೆತ್ತಿ ನೋಡದ ಇಂಥ ತಂತ್ರಾಂಶಗಳ ನಿರ್ವಹಣೆಗೆ ಸರ್ಕಾರದ ಹಣ ಕೊಡತೊಡಗಿತು. ಇದು ಹೊಸ ಸೌಲಭ್ಯ ಸೇರಿಸಲು ಕೊಡುವ ಹಣವಲ್ಲ, ಇದ್ದದ್ದನ್ನು ಚೆನ್ನಾಗಿ ಇಟ್ಟುಕೊಳ್ಳಲು ಕೊಡುವ ಹಣ. ರಿಬ್ಬನ್ ಕತ್ತರಿಸುವ ಸಮಾರಂಭ ಇರದ ಕೆಲಸಕ್ಕೆ ಸರ್ಕಾರವೊಂದು ಹಣ ತೆಗೆದಿಟ್ಟದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇನ್ನು ಜರ್ಮನಿಯ ಮ್ಯೂನಿಕ್ ನಗರದ ಮಾತು. ಓಪನ್ ಸೋರ್ಸ್ ವಿರೋಧಿಸುವವರು ಅದನ್ನು ಎತ್ತಿಯೇ ಎತ್ತುತ್ತಾರೆ. ಆ ನಗರಸಭೆ 2003ರಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಹೋಗಲು ನಿರ್ಧರಿಸಿತು. ತಡೆಯಲು ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಸ್ವತಃ ಮೇಯರ್ ಬಳಿ ಬಂದಿದ್ದರು. ಸುಮಾರು 15,000 ಕಂಪ್ಯೂಟರುಗಳು ಬದಲಾದವು, ಅದಕ್ಕೆ ಹತ್ತಿರ ಹತ್ತಿರ 10 ವರ್ಷ ಹಿಡಿಯಿತು. 2017ರಲ್ಲಿ ಹೊಸ ಆಡಳಿತ ವಿಂಡೋಸ್‌ಗೆ ಮರಳಲು ಮತ ಹಾಕಿತು. ಸೋತಿತಲ್ಲ ಎನ್ನುತ್ತಾರೆ. ಏಕೆ ಅಷ್ಟು ಕಷ್ಟವಾಯಿತೆಂದು ನೋಡಿ. ಹಳೆಯ ವ್ಯವಸ್ಥೆಗೇ ಹೊಲಿದ ನಮೂನೆಗಳು, ಪದೇಪದೇ ಮಾಡುವ ಕೆಲಸವನ್ನು ತಾವಾಗಿ ಮಾಡುವ ಮ್ಯಾಕ್ರೋ ಎಂಬ ಕಿರು ಪ್ರೋಗ್ರಾಮ್‌ಗಳು, ಅದರಲ್ಲಿ ಮಾತ್ರ ಓಡುವ ಇಲಾಖೆಯ ಪ್ರೋಗ್ರಾಮ್‌ಗಳು, ಹೊರಗಿನ ಕಚೇರಿಗಳು ಕಳಿಸುವ, ಇಲ್ಲಿ ತೆರೆದರೆ ಚೆಲ್ಲಾಪಿಲ್ಲಿಯಾಗುವ ಕಡತಗಳು. ಆ ತೊಡಕುಗಳೆಲ್ಲ ಹಳೆಯ ಒಪ್ಪಂದ ವರ್ಷ ವರ್ಷ ಕೂಡಿಟ್ಟ ಸಾಲ. ತೀರಿಸುವ ದಿನ ಬಂದಾಗ ಅದನ್ನು ಹೊಸ ವ್ಯವಸ್ಥೆಯ ಖರ್ಚೆಂದು ಬರೆದುಕೊಂಡರು. ಹೋಲಿಕೆಯ ಪಟ್ಟಿ ತಯಾರಿಸುವಾಗ ಹಳೆಯ ವ್ಯವಸ್ಥೆಯನ್ನು ಬಿಟ್ಟು ಬರುವ ವೆಚ್ಚವನ್ನು ಯಾವುದರ ಅಂಕಣದಲ್ಲಿ ಬರೆಯುತ್ತೀರಿ ಎಂಬುದರ ಮೇಲೆ ಗೆಲುವು ಸೋಲು ನಿಂತಿರುತ್ತದೆ. ದಯವಿಟ್ಟು ಅದನ್ನು, ಅದಕ್ಕೆ ಕಾರಣವಾದದ್ದರ ಅಂಕಣದಲ್ಲೇ ಬರೆಯಿರಿ. ನಗರದೊಳಗಿನ ಐಟಿ ವ್ಯವಸ್ಥೆ ಹರಿದು ಹಂಚಿಹೋಗಿದ್ದದ್ದೂ ಮ್ಯೂನಿಕ್‌ನ ಕಷ್ಟಕ್ಕೆ ಕಾರಣವಾಗಿತ್ತು. ಅದನ್ನು ಯಾವ ಲೈಸೆನ್ಸೂ ಸರಿಮಾಡದು.

ಹಾಗಾದರೆ ನಿಮ್ಮಿಂದ ನಾನು ಬಯಸುವುದೇನು? ಎಲ್ಲ ಪ್ರೊಪ್ರೈಟರಿ ತಂತ್ರಾಂಶವನ್ನು ಹೊರಗೆಸೆಯಿರಿ ಎಂದು ಕೇಳುತ್ತಿಲ್ಲ. ಕಟ್ಟಡ ವಿನ್ಯಾಸ, ಚಿತ್ರ ಸಂಸ್ಕರಣೆಯಂಥ ಕೆಲವು ಕೆಲಸಗಳಲ್ಲಿ ಮುಚ್ಚಿದ ತಂತ್ರಾಂಶ ಇಂದಿಗೂ ಮುಂದಿದೆ, ಸಿಬ್ಬಂದಿಗೆ ಅದೇ ಬೇಕಿದ್ದರೆ ಕೊಡಿಸಿ. ಆದರೆ ಅದರಲ್ಲಿ ತಯಾರಾದ ದಾಖಲೆಗಳು ಪ್ರಕಟಿತ ಮಾನಕದ ಫೈಲ್ ಫಾರ್ಮ್ಯಾಟ್‌ನಲ್ಲಿ ಉಳಿಯಬೇಕು. ಕಚೇರಿ ದಾಖಲೆಗಳಿಗೆ ಓಡಿಎಫ್ ಎಂಬ ತೆರೆದ ಫಾರ್ಮ್ಯಾಟ್ 2006ರಿಂದಲೇ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕ. ನಿಮ್ಮ ದತ್ತಾಂಶವನ್ನೆಲ್ಲ ಹೊರತೆಗೆದು ಬೇರೆ ವ್ಯವಸ್ಥೆಗೆ ಹಾಕುವ ತಾಲೀಮನ್ನು ಒಪ್ಪಂದ ಜಾರಿಯಲ್ಲಿರುವಾಗಲೇ ವರ್ಷಕ್ಕೊಮ್ಮೆ ಮಾಡಿಸಿ. ಕಂಪನಿ ಮುಚ್ಚಿದರೆ ಸಿಗಲೆಂದು ಸೋರ್ಸ್ ಕೋಡ್ ಅನ್ನು ಮೂರನೆಯವರ ಬಳಿ ಠೇವಣಿ ಇಡಿಸುವ ಪದ್ಧತಿಯಿದೆ. ಅದು ಒಳ್ಳೆಯದೇ, ಆದರೆ ಇಟ್ಟ ಕೋಡ್ ಹಳೆಯದಾಗಿ, ಅದರಿಂದ ಪ್ರೋಗ್ರಾಮ್ ಕಟ್ಟಲೇ ಆಗದಂತಿದ್ದರೆ ಠೇವಣಿ ನಿರರ್ಥಕ. ಪ್ರತಿ ಆವೃತ್ತಿಗೂ ಬೇರೆಯವರ ಕೈಯಿಂದ ಕಟ್ಟಿಸಿ ನೋಡುವ ಷರತ್ತು ಸೇರಿಸಿ.

ಜನರ ಮೇಲೆ ತೀರ್ಪು ಕೊಡುವ ತಂತ್ರಾಂಶದಲ್ಲಿ ಮಾತ್ರ ರಾಜಿ ಬೇಡ. ಕೋಡ್, ದೋಷಗಳ ದಾಖಲೆ, ಬದಲಾವಣೆಗಳ ಇತಿಹಾಸ ಈ ಮೂರೂ ನೊಂದವರಿಗೆ, ಅವರ ತಜ್ಞರಿಗೆ ತೆರೆದಿರಬೇಕು. ಒಪ್ಪದ ಮಾರಾಟಗಾರರಿಂದ ಕೊಳ್ಳಬೇಡಿ. ಸಾರ್ವಜನಿಕ ಹಣದಲ್ಲಿ ಹೊಸದಾಗಿ ಬರೆಸುವ ತಂತ್ರಾಂಶವನ್ನು ಪ್ರಕಟಿಸಿ. ಸ್ವಿಟ್ಜರ್‌ಲೆಂಡ್ ಇದನ್ನು ಕಾನೂನನ್ನಾಗಿಯೇ ಮಾಡಿದೆ. 2024ರ ಜನವರಿಯಿಂದ ಅಲ್ಲಿನ ಒಕ್ಕೂಟ ಸರ್ಕಾರದ ಸಂಸ್ಥೆಗಳು ತಮಗಾಗಿ ಬರೆಸಿದ ತಂತ್ರಾಂಶದ ಸೋರ್ಸ್ ಕೋಡ್ ಪ್ರಕಟಿಸಬೇಕು. ಭದ್ರತೆಯ ಅಥವಾ ಮೂರನೆಯವರ ಹಕ್ಕಿನ ಕಾರಣವಿದ್ದರೆ ಮಾತ್ರ ವಿನಾಯಿತಿ. ಎಐ ಮಾರುವವರು ‘ನಮ್ಮ ಮಾದರಿ ಓಪನ್’ ಎಂದರೆ ಏನು ಓಪನ್ ಎಂದು ಬಿಡಿಸಿ ಕೇಳಿ. ತರಬೇತಾದ ಮಾದರಿಯ ತೂಕಗಳನ್ನಷ್ಟೇ (ಅದು ಕಲಿತದ್ದನ್ನು ಹಿಡಿದಿಡುವ ಅಂಕಿಗಳನ್ನಷ್ಟೇ) ಕೊಟ್ಟು, ಯಾವ ದತ್ತಾಂಶದಿಂದ ಕಲಿಸಿದರು ಎಂಬುದನ್ನು ಮುಚ್ಚಿಟ್ಟರೆ ತಪ್ಪು ತೀರ್ಪಿನ ಮೂಲ ಹುಡುಕಲು ಆಗುವುದಿಲ್ಲ.

ಕೊನೆಯದಾಗಿ, ಇವತ್ತೇ ಶುರುಮಾಡಬಹುದಾದ ಒಂದು ಕೆಲಸ. 2021ರ ಡಿಸೆಂಬರ್‌ನಲ್ಲಿ ಪ್ರೋಗ್ರಾಮ್‌ಗಳು ತಮ್ಮ ಕೆಲಸದ ದಾಖಲೆ ಬರೆದಿಡಲು ಬಳಸುವ ಲಾಗ್‌ಫೋರ್‌ಜೆ ಎಂಬ ಓಪನ್ ಸೋರ್ಸ್ ಘಟಕದಲ್ಲಿ ಭಾರಿ ದೋಷ ಸಿಕ್ಕಾಗ, ಅದು ತಮ್ಮಲ್ಲಿ ಇದೆಯೋ ಇಲ್ಲವೋ ಎಂಬುದೇ ಎಷ್ಟೋ ಸಂಸ್ಥೆಗಳಿಗೆ ಗೊತ್ತಿರಲಿಲ್ಲ. ದುಡ್ಡು ಕೊಟ್ಟು ಕೊಂಡ ಪ್ರೊಪ್ರೈಟರಿ ಪ್ಯಾಕೇಜುಗಳ ಒಳಗೂ ಅದು ಕುಳಿತಿತ್ತು. ನಿಮ್ಮ ಪ್ರತಿ ಮಾರಾಟಗಾರರಿಂದಲೂ ಅವರ ತಂತ್ರಾಂಶದೊಳಗಿರುವ ಘಟಕಗಳ ಪೂರ್ತಿ ಪಟ್ಟಿಯನ್ನು ಲಿಖಿತವಾಗಿ ತರಿಸಿಕೊಳ್ಳಿ. ಅದರಲ್ಲಿ ಯಾವುದನ್ನು ಒಬ್ಬರೇ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದಾರೆಂದು ಗುರುತು ಹಾಕಿಸಿ, ಮುಂದಿನ ಬಜೆಟ್‌ನಲ್ಲಿ ಅವರ ಹೆಸರಿಗೆ ಹಣ ಇಡಿ. ಗುರುತು ಹಾಕುವ ಕೆಲಸಕ್ಕೆ ಕೈಜೋಡಿಸಲು ನನ್ನಂಥ ಬಹಳಷ್ಟು ಜನ ಸಿದ್ಧರಿದ್ದೇವೆ. ಕರೆ ಬಂದರೆ ಸಾಕು.

ಇಂತಿ,
ತಂತ್ರಾಂಶ ಬರೆಯುವ, ತಂತ್ರಾಂಶದ ಕೈಕೆಳಗೂ ಬದುಕುವ ಒಬ್ಬ ನಾಗರಿಕ